ಏಳನೇ ಕಾಲಮ್ಮಿನಲ್ಲಿ ನಾನು ಬರೆದ ಒಂದು

ಮಾನ್ಯ ಪಠ್ಯಕ್ರಮ ನಿರ್ದೇಶಕರೇ,

ನಿಮ್ಮ ಕೋಷ್ಟಕದಲ್ಲಿ ನಿಜ ಬರೆದ ತಪ್ಪಿಗೆ ನನ್ನ ಕೋರ್ಸು ಮುಂದಿನ ಶೈಕ್ಷಣಿಕ ಅವಧಿಯಿಂದ ರದ್ದಾಗುತ್ತಿದೆ. ಈ ಬಗ್ಗೆ ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ಎರಡು ಸಲವೂ 'ಸ್ವೀಕರಿಸಲಾಗಿದೆ' ಎಂಬ ಮೊಹರು ಮಾತ್ರ ವಾಪಸು ಬಂತು. ಸ್ವೀಕರಿಸಿದ್ದನ್ನು ಯಾರಾದರೂ ಓದಿದರೇ ಎಂಬುದು ತಿಳಿಯಲಿಲ್ಲ. ಅದಕ್ಕೇ ಈ ಸಲ ನಾಲ್ಕು ಜನರ ಎದುರಿಗೆ, ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ.

ನಾನು ನರ್ಸಿಂಗ್ ಕಾಲೇಜಿನಲ್ಲಿ ಭಾಷೆ ಕಲಿಸುವವಳು. ಕಳೆದ ವರ್ಷ ನೀವು ನಮಗೆಲ್ಲ ಒಂದು ಹಾಳೆ ಕಳಿಸಿದಿರಿ. ಎಡಗಡೆ ಹನ್ನೊಂದು ಕೋರ್ಸುಗಳು. ಮೇಲೆ ಸಾಲಾಗಿ ಒಂಬತ್ತು ಕಲಿಕಾ ಫಲಗಳು, ಅಂದರೆ ಓದು ಮುಗಿಸಿ ಹೊರಬೀಳುವ ಹುಡುಗಿ ಏನೇನು ಮಾಡಬಲ್ಲವಳಾಗಿರಬೇಕು ಎಂಬ ಪಟ್ಟಿ. ಯಾವ ಕೋರ್ಸು ಯಾವ ಫಲಕ್ಕೆ ಎಷ್ಟು ನೆರವಾಗುತ್ತದೆ ಎಂದು ಪ್ರತಿ ಮನೆಯಲ್ಲೂ ಅಂಕಿ ತುಂಬಬೇಕು. ಏನೂ ಇಲ್ಲ ಎಂದರೆ ಸೊನ್ನೆ, ಸ್ವಲ್ಪ ಎಂದರೆ ಒಂದು, ಪೂರ್ತಿ ಎಂದರೆ ಮೂರು. ಏಳನೇ ಫಲ ಹೀಗಿತ್ತು: 'ಮನೆಯಲ್ಲಿ ಮಾಡಿಕೊಳ್ಳಬೇಕಾದ ಆರೈಕೆಯನ್ನು ರೋಗಿಗೆ ತಿಳಿಯುವಂತೆ ಹೇಳಬಲ್ಲರು.' ಅಲ್ಲಿ ನಾನು ಒಂದು ಎಂದು ಬರೆದೆ. ಉಳಿದ ಹತ್ತೂ ಕೋರ್ಸುಗಳ ಎದುರು ಮೂರು ಬಿದ್ದಿತ್ತು. ಹತ್ತು ಕಡೆ ಪೂರ್ತಿ ಸಿಗುತ್ತಿರುವಾಗ ಸ್ವಲ್ಪವೇ ಸಿಗುವ ಈ ಒಂದು ಕೋರ್ಸು ಯಾಕೆ ಬೇಕು ಎಂದು ನಿಮ್ಮ ಸಮಿತಿ ಕೇಳಿತು. ತರ್ಕ ಅಚ್ಚುಕಟ್ಟಾಗಿದೆ. ನಾನೂ ನಿಮ್ಮ ಕುರ್ಚಿಯಲ್ಲಿ ಕೂತಿದ್ದರೆ ಹೀಗೇ ಕೇಳುತ್ತಿದ್ದೆನೋ ಏನೋ.

ಆದರೆ ಆ ಒಂದನ್ನು ನಾನು ಯಾಕೆ ಬರೆದೆ, ಕೇಳಿದಿರಾ?

ಮೂರು ವರ್ಷದ ಹಿಂದೆ ನಮ್ಮತ್ತೆ ಉಬ್ಬಸ ಎಂದು ಆಸ್ಪತ್ರೆ ಸೇರಿದರು. ಬಿಡುಗಡೆಯ ದಿನ ಒಬ್ಬ ನರ್ಸು ಹಾಸಿಗೆಯ ಪಕ್ಕ ನಿಂತು ಇನ್‌ಹೇಲರ್ ಹೇಗೆ ಬಳಸಬೇಕೆಂದು ಗಡಗಡನೆ ಹೇಳಿ, "ಅರ್ಥ ಆಯ್ತಾ ಅಜ್ಜಿ?" ಎಂದು ಕೇಳಿದಳು. "ಆಯ್ತಮ್ಮ" ಎಂದರು ಅತ್ತೆ. ಮನೆಗೆ ಬಂದು ಐದು ದಿನ ಅದನ್ನು ಬಾಯೊಳಗೆ ಅತ್ತರಿನ ಹಾಗೆ ಚಿಮುಕಿಸಿಕೊಂಡರು. ಒತ್ತುವಾಗಲೇ ಉಸಿರು ಒಳಗೆಳೆದುಕೊಳ್ಳಬೇಕೆಂಬುದು ಅವರಿಗೆ ಗೊತ್ತೇ ಆಗಿರಲಿಲ್ಲ. ಆರನೆಯ ದಿನ ಮತ್ತೆ ಅದೇ ವಾರ್ಡು, ಈ ಸಲ ಮೂಗಿಗೆ ಆಮ್ಲಜನಕದ ನಳಿಕೆ.

ಚೇತರಿಸಿಕೊಂಡ ಮೇಲೆ ನಾನು ರೇಗಿದೆ. "ಅರ್ಥ ಆಗಿಲ್ಲ ಅಂತ ಹೇಳೋಕೇನಾಗಿತ್ತು ಅತ್ತೆ?"

"ಹಿಂದೆ ಅಷ್ಟು ಜನ ಕಾಯ್ತಾ ಇದ್ರು ಕಣೇ. ಆ ಹುಡುಗಿ ಆಗ್ಲೇ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ಲು. ಆಗಿಲ್ಲ ಅನ್ನೋಕೆ ಬಾಯಿ ಬರತ್ತಾ? ನಿನಗೆ ಬರ್ತಿತ್ತಾ?"

ಮುಚ್ಚಳ ಹಾಕಿದ ಆ ಹುಡುಗಿ ನನ್ನ ವಿದ್ಯಾರ್ಥಿನಿ, ಮಾನ್ಯರೇ. ನನ್ನ ಪತ್ರಿಕೆಯಲ್ಲಿ ತರಗತಿಗೇ ಮೊದಲಿಗಳು. ಯಾವ ಪ್ರಶ್ನೆಗೆ ಅಷ್ಟು ಅಂಕ ಕೊಟ್ಟಿದ್ದೆ ಎಂದು ಅವಳ ಹಳೆಯ ಉತ್ತರಪತ್ರಿಕೆ ಹುಡುಕಿ ನೋಡಿದೆ. 'ರೋಗಿಯೊಂದಿಗೆ ಸಂವಹನದ ಮಹತ್ವ ಕುರಿತು ಎರಡು ಪುಟ ಬರೆಯಿರಿ.' ಬರೆದಿದ್ದಳು, ಸೊಗಸಾಗಿ. ನಾನೇ ಅಂಚಿನಲ್ಲಿ 'ಭೇಷ್' ಎಂದು ಗೀಚಿದ್ದೆ. ಆ 'ಭೇಷ್' ನೆನಪಾದಾಗಲೆಲ್ಲ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಅಂದಿನಿಂದ ಪ್ರಬಂಧ ಬಿಟ್ಟೆ. ಅವಧಿಯ ಕೊನೆಯ ನಾಲ್ಕು ತರಗತಿಗಳನ್ನು ಅಭ್ಯಾಸದ ಕೋಣೆಯಲ್ಲಿ ನಡೆಸುತ್ತೇನೆ. ಒಬ್ಬಳು ಹಾಸಿಗೆಯ ಮೇಲೆ ರೋಗಿ, ಇನ್ನೊಬ್ಬಳು ನರ್ಸು. 'ಅರ್ಥ ಆಯ್ತಾ' ಎಂದು ಕೇಳುವಂತಿಲ್ಲ. 'ಈಗ ನೀವು ಮಾಡಿ ತೋರಿಸಿ' ಎನ್ನಬೇಕು, ತೋರಿಸುವವರೆಗೂ ಕಾಯಬೇಕು. ಆ ಕಾಯುವ ಮೌನವೇ ಅವರಿಗೆ ಎಲ್ಲಕ್ಕಿಂತ ಕಷ್ಟ. ಕವಿತೆ ಓದುವ ಚಟದವಳು ನಾನು. ಎರಡು ಸಾಲಿನ ನಡುವೆ ನಿಲ್ಲುವುದೂ ಓದಿನ ಭಾಗವೆಂದು ಬಲ್ಲೆ. ಅದನ್ನು ಕಲಿಸಲು ಎಷ್ಟು ಹೊತ್ತು ಬೇಕೆಂದೂ ಬಲ್ಲೆ. ಅರವತ್ತು ಹುಡುಗಿಯರಲ್ಲಿ ಮೂವತ್ತು ಜನಕ್ಕಷ್ಟೇ ಸರದಿ ಸಿಗುತ್ತದೆ. ಅದಕ್ಕೇ ಒಂದು ಎಂದು ಬರೆದೆ. ಅದಕ್ಕಿಂತ ಹೆಚ್ಚು ಬರೆಯಲು ಕೈ ಏಳಲಿಲ್ಲ.

ಇನ್ನು ಆ ಹತ್ತು ಮೂರುಗಳ ವಿಷಯ. ಅವುಗಳಲ್ಲೊಂದು ನನ್ನ ಕೈಬರಹದಲ್ಲಿದೆ. ಹಾಳೆ ಕೊಡಬೇಕಾದ ಕೊನೆಯ ದಿನ ಶರೀರಶಾಸ್ತ್ರದ ಮೇಷ್ಟ್ರು ನನ್ನ ಮೇಜಿನ ಹತ್ತಿರ ಬಂದರು.

"ಅಕ್ಕಾ, ನಂದೂ ನೀವೇ ತುಂಬಿಬಿಡಿ. ಲ್ಯಾಬ್‌ಗೆ ಓಡಬೇಕು."

"ಏಳನೇದಕ್ಕೆ ಏನು ಹಾಕ್ಲಿ?"

"ಎಲ್ಲಾರೂ ಏನು ಹಾಕಿದಾರೋ ಅದು ಹಾಕಿ. ನಾನೊಬ್ಬ ಯಾಕೆ ಎದ್ದು ಕಾಣ್ಲಿ?"

ಹಾಕಿದೆ. ನನ್ನ ಸಾಲಿನಲ್ಲಿ ನಿಜ, ಅವರ ಸಾಲಿನಲ್ಲಿ ಉಪಕಾರ. ಎರಡಕ್ಕೂ ಒಂದೇ ಪೆನ್ನು. ನನ್ನ ಕೋರ್ಸಿನ ಕುತ್ತಿಗೆಗೆ ಬಿದ್ದ ಹತ್ತು ಏಟಿನಲ್ಲಿ ಒಂದು ನನ್ನದೇ ಎಂದು ಒಪ್ಪಿಕೊಂಡ ಮೇಲೆಯೇ ನಿಮ್ಮನ್ನು ಪ್ರಶ್ನಿಸುವ ಧೈರ್ಯ ಬಂದಿದೆ.

ನಿಮ್ಮ ಆದೇಶ ಬಂದ ಮೇಲೆ ಅದೇ ಮೇಷ್ಟ್ರನ್ನು ಕೇಳಿದೆ: "ನಿಜ ಹೇಳಿ, ಎಷ್ಟು ಹಾಕಬೇಕಿತ್ತು?"

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. "ಸೊನ್ನೆ ಅಕ್ಕಾ. ಮೂಳೆ ಲೆಕ್ಕ ಕಲಿಸೋ ಹೊತ್ತಿಗೇ ವರ್ಷ ಮುಗಿಯತ್ತೆ. ಆದ್ರೆ ಸೊನ್ನೆ ಹಾಕಿದ್ರೆ ನನ್ನ ಗತಿ ನಿಮ್ಮ ಥರ ಆಗಲ್ವಾ?"

ಈ ಕೋಷ್ಟಕವೆಂಬ ನಿಮ್ಮ ನಕ್ಷೆಯನ್ನು ಆಡಿಕೊಳ್ಳಲು ನಾನು ಬಂದಿಲ್ಲ. ಹಾಗೆ ನೋಡಿದರೆ ನಮಗೆ ಬೇಕಾದದ್ದೇ ಇಂಥ ನಕ್ಷೆ. ಅದು ಸತ್ಯವಾಗಿದ್ದಿದ್ದರೆ ಏಳನೇ ಕಾಲಮ್ಮು ಮೇಲಿಂದ ಕೆಳಗೆ ಹೆಚ್ಚುಕಡಿಮೆ ಬರಿದಾಗಿ ಕಾಣುತ್ತಿತ್ತು. ರೋಗಿಗೆ ಹೇಳಿಕೊಡುವುದನ್ನು ಪಕ್ಕದವರು ಕಲಿಸುತ್ತಿದ್ದಾರೆ ಎಂದು ನಾವೆಲ್ಲರೂ ನಂಬಿ ಕೂತಿದ್ದೇವೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅದನ್ನು ತೋರಿಸುವುದಕ್ಕೇ ಅಲ್ಲವೇ ನಕ್ಷೆ ಇರುವುದು? ಕಡಿಮೆ ಅಂಕಿ ಬರೆದವರ ಕೋರ್ಸಿಗೆ ಕತ್ತರಿ ಹಾಕಿದರೆ ಮುಂದಿನ ವರ್ಷ ನಿಮ್ಮ ಕೋಷ್ಟಕದ ತುಂಬ ಮೂರುಗಳೇ ನಳನಳಿಸುತ್ತವೆ. ವಾರ್ಡಿನಲ್ಲಿ ಮಾತ್ರ 'ಅರ್ಥ ಆಯ್ತಾ ಅಜ್ಜಿ' ಮುಂದುವರಿಯುತ್ತದೆ.

ನಾನು ಕೇಳುವುದು ಇಷ್ಟು. ರದ್ದತಿಯ ಆದೇಶವನ್ನು ತಡೆಹಿಡಿಯಿರಿ. ಕಡಿಮೆ ಅಂಕಿ ಬರೆದ ಕಾರಣಕ್ಕೆ ಯಾರ ಕೋರ್ಸೂ ಹೋಗುವುದಿಲ್ಲ ಎಂದು ಲಿಖಿತವಾಗಿ ತಿಳಿಸಿ. ಆಮೇಲೆ ಹನ್ನೊಂದು ಜನರನ್ನೂ ಒಂದು ದಿನ ಒಂದೇ ಕೋಣೆಯಲ್ಲಿ ಕೂರಿಸಿ. ಮೂರು ಎಂದವರು ತಮ್ಮ ಪ್ರಶ್ನೆಪತ್ರಿಕೆ ತಂದು ಮೇಜಿನ ಮೇಲಿಡಲಿ: ಏಳನೇ ಫಲವನ್ನು ಎಲ್ಲಿ ಕಲಿಸಿದೆ, ಹೇಗೆ ಪರೀಕ್ಷಿಸಿದೆ ಎಂದು ತೋರಿಸಲಿ. ನನ್ನ 'ಭೇಷ್' ಇರುವ ಪತ್ರಿಕೆಯನ್ನು ನಾನೇ ಮೊದಲು ಇಡುತ್ತೇನೆ.

ನೀವೂ ಬನ್ನಿ. ಬಂದಾಗ ಈ ಪತ್ರ ಅರ್ಥವಾಯಿತೇ ಎಂದು ನಾನು ಖಂಡಿತ ಕೇಳುವುದಿಲ್ಲ. ಇದರಲ್ಲಿ ಏನಿದೆ ಎಂದು ನೀವೇ ಒಮ್ಮೆ ತಿರುಗಿ ಹೇಳಿ. ಎಷ್ಟು ಹೊತ್ತಾದರೂ ಕಾಯುತ್ತೇನೆ.

ಇಂತಿ,
ತನಗೆ ಒಂದು ಬರೆದುಕೊಂಡು ಪಕ್ಕದವರಿಗೆ ಮೂರು ಬರೆದುಕೊಟ್ಟ
ಭಾಷಾ ಅಧ್ಯಾಪಕಿ
(ಮುಂದಿನ ಅವಧಿಯವರೆಗೆ)