ಹಾಸ್ಟೆಲಿನ ಹಾಸಿಗೆಗಳ ಮೇಲೆ ಬೀಳುವ ಹುಡುಗಿಯರು

ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಕಾಲೇಜಿನಲ್ಲಿ ಹೈಜಂಪ್ ಮಾಡುವ ಹುಡುಗಿಯರು ಬೀಳುವುದು ತಾವು ಮಲಗುವ ಹಾಸಿಗೆಗಳ ಮೇಲೆ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ಬರೆದು ಕೊಟ್ಟೆ, ಸ್ವೀಕರಿಸಲಾಗಿದೆ ಎಂದು ಮುದ್ರೆ ಒತ್ತಿದರು. ನಿಮ್ಮ ಎದುರು ಕುಳಿತು ಹೇಳಿದೆ, ನೀವು ತಲೆಯಾಡಿಸಿದಿರಿ. ಮುದ್ರೆಯೂ ಬಿದ್ದು ತಲೆಯೂ ಆಡಿದ ಮೇಲೆ ಒಬ್ಬ ತಾಯಿಗೆ ಉಳಿಯುವುದು ಹತ್ತು ಜನ ಓದುವ ಹಾಗೆ ಬರೆಯುವುದೊಂದೇ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಆದರೆ ಸಿಟ್ಟಿಗಿಂತ ಹೆದರಿಕೆ ಹೆಚ್ಚು. ಬರುವ ಶನಿವಾರ ನಿಮ್ಮ ಮೈದಾನದಲ್ಲೇ ಅಂತರಕಾಲೇಜು ಕ್ರೀಡಾಕೂಟ. ಅವತ್ತು ನನ್ನ ಮಗಳು ಮತ್ತೆ ಅದೇ ಹಾಸಿಗೆಗಳ ಮೇಲೆ ಬೆನ್ನು ಕೆಳಗಾಗಿ ಬೀಳಲಿದ್ದಾಳೆ.

ಹೊರಗಿನವರಿಗೆ ಇದು ನಂಬಲಾಗದ ಮಾತು ಅನ್ನಿಸಬಹುದು. ನಿಮಗೆ ಅನ್ನಿಸಲಾರದು, ಏಕೆಂದರೆ ನಿಮ್ಮ ಕಚೇರಿಯ ಕಿಟಕಿಯಿಂದಲೇ ಇದೆಲ್ಲ ಕಾಣುತ್ತದೆ. ಮಧ್ಯಾಹ್ನದ ಪಾಠ ಮುಗಿದ ಕೂಡಲೇ ಹಾಸ್ಟೆಲಿನ ನೆಲಮಹಡಿಯ ಹುಡುಗಿಯರು ಹೊದಿಕೆ ಕಿತ್ತು, ಹಾಸಿಗೆ ಸುತ್ತಿ, ತಲೆಯ ಮೇಲೆ ಹೊತ್ತು ಮೈದಾನಕ್ಕೆ ತರುತ್ತಾರೆ. ಮೇಲಿನ ಮಹಡಿಯವರಿಗೆ ವಿನಾಯಿತಿ, ಮೆಟ್ಟಿಲಿಳಿಸುವುದು ಕಷ್ಟ ಅಂತ. ಅಷ್ಟು ಕರುಣೆ ನಿಮ್ಮಲ್ಲಿದೆ. ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಸುತ್ತ ಹಗ್ಗ ಬಿಗಿದು, ಮೇಲೆ ಟಾರ್ಪಾಲು ಹೊದಿಸಿದರೆ ಹೈಜಂಪಿನ ಮ್ಯಾಟ್ ತಯಾರು. ಸಂಜೆ ಧೂಳು ಕೊಡವಿ ಒಳಗೆ ಒಯ್ಯುತ್ತಾರೆ, ಅದರ ಮೇಲೆಯೇ ಮಲಗುತ್ತಾರೆ. ತಂಡಕ್ಕೆ ಹೊಸದಾಗಿ ಸೇರಿದವಳಿಗೆ ಮೊದಲು ಕಲಿಸುವುದು ಓಟವನ್ನಲ್ಲ, ಜಿಗಿತವನ್ನಲ್ಲ. ಹಗ್ಗದ ಗಂಟು ಬಿಗಿಯುವುದನ್ನು.

ನಾನು ಚಿಕ್ಕ ಕಾಲೇಜನ್ನು ದೂರುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಚಿಕ್ಕದು ಅಂತ ಗೊತ್ತಿದ್ದೇ ಕಳಿಸಿದೆವು. ದೊಡ್ಡ ಕಾಲೇಜುಗಳಿಗೂ ಹೋಗಿ ಬಂದಿದ್ದೆವು. ಒಂದು ಕಡೆ ನನ್ನ ಮಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಇನ್ನೊಂದು ಕಡೆ ಎತ್ತರ ಅಳೆದು, ಸಂತೆಯಲ್ಲಿ ದನ ನೋಡಿದ ಹಾಗೆ ಸುತ್ತಲೂ ನೋಡಿ, ತಿಳಿಸುತ್ತೇವೆ ಅಂದರು. ಆಮೇಲೆ ಸುದ್ದಿಯೇ ಇಲ್ಲ. ನಿಮ್ಮ ತರಬೇತುದಾರರು ಮಾತ್ರ ಬಸ್ಸಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ಹೆಂಗಸರ ಬ್ಯೂಟಿ ಪಾರ್ಲರ್ ನಡೆಸುವವಳು, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಣ್ಣ ಹಚ್ಚಿಸಿಕೊಂಡು ಕುಳಿತಿದ್ದ ಗಿರಾಕಿಯ ಪಕ್ಕದ ಸ್ಟೂಲಿನ ಮೇಲೆ, ಸಂಕೋಚದಿಂದ ಗೋಡೆ ನೋಡುತ್ತಾ ಕೂತು ಆ ಮನುಷ್ಯ ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಅಮ್ಮಾ, ನಮ್ಮಲ್ಲಿ ಟ್ರ್ಯಾಕ್ ಇಲ್ಲ, ಜಿಮ್ ಇಲ್ಲ. ಸುಳ್ಳು ಹೇಳಿ ಕರ್ಕೊಂಡು ಹೋಗಲ್ಲ. ಆದ್ರೆ ದೊಡ್ಡ ಕಡೆ ಇವಳು ನೂರು ಜನರ ಗುಂಪಲ್ಲಿ ಇನ್ನೊಬ್ಬಳು. ನಮ್ಮಲ್ಲಿ ಇವಳ ಹಿಂದೆ ನಾನಿರ್ತೀನಿ."

"ಮತ್ತೆ ಬೀಳೋದಕ್ಕೆ ಮ್ಯಾಟು?" ಅಂತ ಮಗಳೇ ಕೇಳಿದಳು.

"ಆರ್ಡರ್ ಆಗಿದೆ. ನೀನು ಬರೋ ಹೊತ್ತಿಗೆ ಅದೂ ಬಂದಿರುತ್ತೆ."

ಆ ಮನುಷ್ಯ ಕೆಟ್ಟವರಲ್ಲ. ಅವರಿಗೆ ಹಾಗೆ ಹೇಳಲು ಹೇಳಿಕೊಟ್ಟವರು ಯಾರು ಎಂದು ನಾನು ಕೇಳುವುದಿಲ್ಲ, ನಿಮಗೆ ಮುಜುಗರ. ಮಗಳು ಬಂದಳು, ಮ್ಯಾಟ್ ಬರಲಿಲ್ಲ. ಆ ವರ್ಷ ಬರುತ್ತೆ ಅಂದರು. ಮರುವರ್ಷವೂ ಬರುತ್ತೆ ಅಂದರು. ಇಷ್ಟು ನಿಧಾನವಾಗಿ ಬರುತ್ತಿರುವ ಆ ಮ್ಯಾಟ್ ಯಾವ ದೇಶದಿಂದ ತೆವಳಿಕೊಂಡು ಹೊರಟಿದೆ, ದಾರಿಯಲ್ಲಿ ಎಲ್ಲಿ ತಂಗಿದೆ ಎಂದು ನೀವಾದರೂ ವಿಚಾರಿಸಿದ್ದೀರಾ?

ಈಗ ನಡೆದದ್ದನ್ನು ಹೇಳುತ್ತೇನೆ. ಕಳೆದ ತಿಂಗಳು ಮಗಳು ರಜೆಗೆ ಬಂದಳು. ಕೂದಲು ಕತ್ತರಿಸು ಅಂತ ನನ್ನ ಕುರ್ಚಿಯಲ್ಲಿ ಕೂತಳು. ದಿನವಿಡೀ ಕಂಡವರ ತಲೆ ಹಿಡಿದು ಈ ಕಡೆ ಆ ಕಡೆ ತಿರುಗಿಸುವುದೇ ನನ್ನ ಕಸುಬು, ಅಭ್ಯಾಸದ ಮೇಲೆ ಅವಳ ಗಲ್ಲಕ್ಕೆ ಕೈ ಹಾಕಿ ಎಡಕ್ಕೆ ತಿರುಗಿಸಿದೆ. ತಲೆ ತಿರುಗಲಿಲ್ಲ. ಸೊಂಟದಿಂದ ಮೇಲೆ ಇಡೀ ದೇಹ ತಿರುಗಿತು, ಕುರ್ಚಿಯೂ ಅದರ ಜೊತೆ ಕಿರ್ರೆಂದಿತು.

"ಏನೇ ಇದು?"

"ಏನಿಲ್ಲಮ್ಮ. ಸರಿಯಾಗಿ ಮಲಗಿರ್ಲಿಲ್ಲ, ಕತ್ತು ಹಿಡ್ಕೊಂಡಿದೆ."

"ಎಂದಿನಿಂದ?"

"ಬಿಡಮ್ಮ, ನೀನು ಕತ್ತರಿಸು."

ನಾನು ಕತ್ತರಿ ಕೆಳಗಿಟ್ಟೆ. ಕನ್ನಡಿಯಲ್ಲಿ ಅವಳ ಮುಖ ನೋಡಿದೆ, ಅವಳು ನನ್ನದು ನೋಡಲಿಲ್ಲ. ಗದರಿಸಿದೆ, ಆಣೆ ಹಾಕಿಸಿದೆ, ಕೊನೆಗೆ ಇಬ್ಬರೂ ಅತ್ತೆವು. ಆಮೇಲೆ ವಿಷಯ ಹೊರಗೆ ಬಂತು.

ನಿಮ್ಮಲ್ಲಿ ವರ್ಷಕ್ಕೊಮ್ಮೆ ಒಂದು ಸಂಭ್ರಮ ನಡೆಯುತ್ತದಲ್ಲ, ಬೇರೆ ಬೇರೆ ಶಾಲೆಗಳ ಆಟಗಾರ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಕರೆಸಿ ಕಾಲೇಜು ತೋರಿಸುವುದು? ಅವಳು ರಜೆಗೆ ಬರುವ ಮುಂಚಿನ ವಾರಾಂತ್ಯ ಅದೇ ನಡೆದಿತ್ತು. ಹೊರಗಿನಿಂದ ಬಂದ ಹುಡುಗಿಯರು ಒಂದು ರಾತ್ರಿ ತಂಗಬೇಕಿತ್ತು. ಅವರಿಗೆ ಹಾಸಿಗೆ ಎಲ್ಲಿಂದ? ವಾರ್ಡನ್ ನೆಲಮಹಡಿಯಿಂದಲೇ ನಾಲ್ಕಾರು ಹಾಸಿಗೆ ಎತ್ತಿಸಿ ಅತಿಥಿಗಳ ಕೋಣೆಗೆ ಹಾಕಿಸಿದರು. ಮರುದಿನ ಅತಿಥಿಗಳಿಗೆ ಹೈಜಂಪ್ ಪ್ರದರ್ಶನ. ಅತಿಥಿಗಳ ಸಾಮಾನು ಇನ್ನೂ ಆ ಹಾಸಿಗೆಗಳ ಮೇಲೇ ಇತ್ತು, ಕೇಳಲು ಹುಡುಗಿಯರಿಗೆ ನಾಚಿಕೆ. ಕಾಲೇಜಿನ ಮರ್ಯಾದೆ ಕಳೆಯಬಾರದಲ್ಲ, ಇದ್ದ ಹಾಸಿಗೆಗಳನ್ನೇ ಅಗಲಕ್ಕೆ ಎಳೆದು ಹರಡಿ, ನೋಡುವವರಿಗೆ ಎಂದಿನಷ್ಟೇ ಕಾಣುವ ಹಾಗೆ ಮಾಡಿದರು. ಹಗ್ಗ ಸಾಲಲಿಲ್ಲ. ಮೇಲೆ ಟಾರ್ಪಾಲು ಎಳೆದರು, ಹಾಸಿಗೆಗಳ ನಡುವಿನ ಸಂದು ಯಾರಿಗೂ ಕಾಣಲಿಲ್ಲ. ತಪ್ಪು ಹುಡುಗಿಯರದೇ ಅನ್ನುತ್ತೀರಾ? ಇಲ್ಲದ್ದನ್ನು ಇದ್ದ ಹಾಗೆ ತೋರಿಸುವುದನ್ನು ಅವರು ಎಲ್ಲಿ ಕಲಿತರು?

ನನ್ನ ಮಗಳು ಓಡಿ ಬಂದು ಹಾರಿದಳು. ಬಾರ್ ಅಲುಗಲೂ ಇಲ್ಲ. ಭುಜ ಹಾಸಿಗೆಯ ಮೇಲೆ ಬಿತ್ತು, ತಲೆ ಸಂದಿಗೆ ಇಳಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಂತೆ. ಆ ಚಪ್ಪಾಳೆ ಕೇಳುತ್ತಾ ಅವಳು ಮಲಗಿದ್ದಳು, ಅವಳ ಕೈಬೆರಳುಗಳು ಅವಳಿಗೆ ಗೊತ್ತಾಗುತ್ತಿರಲಿಲ್ಲ. "ಬೆರಳು ಇದಾವೋ ಇಲ್ವೋ ಅಂತ ತಿಳೀಲಿಲ್ಲಮ್ಮ, ನೋಡೋಣ ಅಂದ್ರೆ ತಲೆ ಎತ್ತೋಕೆ ಭಯ ಆಯ್ತು" ಅಂದಳು. ಸ್ವಲ್ಪ ಹೊತ್ತಿಗೆ ಜುಮ್ಮೆಂದು ಜೀವ ಬಂತು. ಎದ್ದಳು. ಎದ್ದು ಅತಿಥಿಗಳ ಕಡೆ ನಕ್ಕು ಕೈ ಬೀಸಿದಳು. ಯಾಕೆ ಬೀಸಿದೆ ಅಂತ ಕೇಳಿದರೆ, "ಎಲ್ರೂ ನೋಡ್ತಿದ್ರಲ್ಲಮ್ಮ" ಅಂದಳು. ತರಬೇತುದಾರರಿಗೂ ಹೇಳಲಿಲ್ಲವಂತೆ, ಅವರು ಆ ಹೊತ್ತಿಗೆ ಒಬ್ಬ ತಂದೆಗೆ ಹಾಸ್ಟೆಲಿನ ಸೌಕರ್ಯ ವಿವರಿಸುತ್ತಿದ್ದರು.

ಇದನ್ನು ಕೇಳಿದ ದಿನವೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆ. ಫೋಟೊ ತೆಗೆಸಿದರು, ಬೆಳಕಿಗೆ ಹಿಡಿದು ನೋಡಿದರು. ಮೂಳೆಗೆ ಏನೂ ಆಗಿಲ್ಲ, ಈ ಸಲ ಪಾರಾಗಿದ್ದಾಳೆ, ಆದರೆ ನಾನು ಹೇಳುವ ತನಕ ಹಾರಬಾರದು ಅಂದರು. ಇನ್ನೊಮ್ಮೆ ಹೀಗಾದರೆ ಏನಾಗುತ್ತದೆ ಎಂದು ನಾನು ಕೇಳಬಾರದಿತ್ತು, ಕೇಳಿದೆ. ಅವರು ಮಗಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು. ಅವರು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅಂದಿನಿಂದ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಜೊತೆಗೆ ಒಯ್ಯುತ್ತೇನೆ. ಗಿರಾಕಿಯ ಕಿವಿಯ ಹತ್ತಿರ ಕತ್ತರಿ ಆಡಿಸಲು ಕೈ ಬಾರದೆ, ಎಷ್ಟೋ ಜನರನ್ನು ನಾಳೆ ಬನ್ನಿ ಅಂತ ಕಳಿಸಿದ್ದೇನೆ. ಯಾರಾದರೂ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿದರೆ ಕೆಲಸ ಬಿಟ್ಟು ಮೊದಲು ಅವರ ಕತ್ತಿಗೆ ಕೈ ಆನಿಸಿ ಹಿಡಿಯುತ್ತೇನೆ.

ಆಗ ನಿಮ್ಮನ್ನು ಕಾಣಲು ಬಂದೆ. ನೀವು ಎದ್ದು ನಿಂತು ಬರಮಾಡಿಕೊಂಡಿರಿ, ಆ ಸೌಜನ್ಯಕ್ಕೆ ಋಣಿ. ನಿಮ್ಮ ಕೋಣೆಯ ಗಾಜಿನ ಕಪಾಟಿನಲ್ಲಿ ನನ್ನ ಮಗಳು ಗೆದ್ದ ಕಪ್ಪು ಇದೆ. ಅದರ ಕೆಳಗೆ ಮಖಮಲ್ಲಿನ ಮೆತ್ತೆ, ಮೇಲೆ ಪುಟ್ಟ ದೀಪ. ಕಪ್ಪು ಬಿದ್ದರೆ ಮುಕ್ಕಾಗಬಾರದು, ಸರಿಯೇ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ನೀವು ಹೇಳಿದ್ದು ಇಷ್ಟು.

"ಕ್ರೀಡೆ ಅಂದ್ಮೇಲೆ ಪೆಟ್ಟು ಆಗೋದೇ ತಾಯಿ. ನಮ್ಮದು ಚಿಕ್ಕ ಕಾಲೇಜು, ಎಲ್ಲರೂ ಹೊಂದ್ಕೊಂಡು ಹೋಗ್ಬೇಕು."

ಹೊಂದಿಕೊಂಡು ಹೋಗುವುದು ನನಗೆ ಬರುತ್ತದೆ, ಸ್ವಾಮಿ. ಸ್ನಾನದ ಮನೆಯಲ್ಲಿ ನೀರು ಬರದಿದ್ದಾಗ ಹೊಂದಿಕೊಂಡೆವು. ಓಡಲು ಟ್ರ್ಯಾಕ್ ಇಲ್ಲದೆ ಹುಡುಗಿಯರು ರಸ್ತೆಯ ಬದಿಯಲ್ಲಿ ಲಾರಿಗಳ ಹಾರ್ನ್ ಕೇಳುತ್ತಾ ಓಡಿದಾಗ ಹೊಂದಿಕೊಂಡೆವು. ಸಮವಸ್ತ್ರ ಹರಿದಾಗ ನಾನೇ ಹೊಲಿದುಕೊಟ್ಟೆ. ಇವೆಲ್ಲ ಇಲ್ಲದೆ ಬದುಕಬಹುದು. ಕತ್ತು ಹೇಗೆ ಹೊಂದಿಕೊಳ್ಳಬೇಕು, ಅದನ್ನೊಂದು ಹೇಳಿಕೊಡಿ. ಚಿಕ್ಕ ಕಾಲೇಜು ಅಂದರೆ ಅಲ್ಲಿ ಬೀಳುವ ಮಕ್ಕಳ ಮೂಳೆಯೂ ಚಿಕ್ಕದೇ? ಮ್ಯಾಟ್ ತರಿಸುವ ಶಕ್ತಿ ಇಲ್ಲದಿದ್ದರೆ ಅದು ಅಪರಾಧವಲ್ಲ. ಶಕ್ತಿ ಇಲ್ಲದವರು ಹೈಜಂಪಿಗೆ ಹುಡುಗಿಯರನ್ನು ಯಾಕೆ ಮನೆಮನೆಗೆ ಹೋಗಿ ಕರೆತರಬೇಕು? ಓಟಕ್ಕೆ ತನ್ನಿ, ಕಬಡ್ಡಿಗೆ ತನ್ನಿ, ಯಾರು ಬೇಡ ಅಂದರು?

ಮಗಳು ಈ ಸಲ ಹಾರುವುದಿಲ್ಲ ಎಂದು ನಾನು ಹೇಳಿದಾಗ ನಿಮ್ಮ ದನಿ ಇನ್ನೂ ಮೃದುವಾಯಿತು. ಕ್ರೀಡಾ ಸೀಟಿನಲ್ಲಿ ಬಂದವರು ಕೂಟದಲ್ಲಿ ಭಾಗವಹಿಸದಿದ್ದರೆ ಸೀಟೂ ಹಾಸ್ಟೆಲೂ ಉಳಿಯುವುದು ಕಷ್ಟ, ನಿಯಮ ನನ್ನ ಕೈಯಲ್ಲಿಲ್ಲ ಅಂದಿರಿ. ಇದನ್ನು ಬೆದರಿಕೆ ಅಂತ ನಾನು ಕರೆಯುವುದಿಲ್ಲ. ಮನೆಗೆ ಬಂದು ಹೇಳಿದೆ. ನನ್ನ ಗಂಡ, ಗ್ಯಾರೇಜಿನಲ್ಲಿ ದುಡಿಯುವವರು, ಕೈಯ ಗ್ರೀಸು ಒರೆಸುವುದನ್ನೂ ಮರೆತು ಕೂತುಬಿಟ್ಟರು.

"ಸೀಟು ಹೋದ್ರೆ ಅವಳ ಓದು ಅಲ್ಲಿಗೇ ಮುಗೀತು ಕಣೇ. ಒಂದು ದಿನದ ಮಾತು. ಹುಷಾರಾಗಿ ಹಾರು ಅನ್ನೋಣ" ಅಂದರು. ಹೇಳಿದ್ದು ಅವರಿಗೇ ಕೇಳಿಸಿತೋ ಏನೋ, ಎದ್ದು ಹೊರಗೆ ಹೋದರು.

ಮಗಳದ್ದು ಇನ್ನೊಂದೇ ಹಟ. ಅವಳಿಗೆ ಓದಬೇಕು, ಪರೀಕ್ಷೆ ಮುಗಿಸಬೇಕು, ಹಾರಲೂ ಬೇಕು. "ಒಂದೇ ಒಂದು ಸಲ ಹಾರ್ತೀನಿ, ಕಡಿಮೆ ಎತ್ತರಕ್ಕೆ. ಹೆಸರು ಹಾಜರಿಗೆ ಸೇರುತ್ತೆ, ಅಷ್ಟೇ. ನೀನು ಅಲ್ಲಿ ಬಂದು ಗಲಾಟೆ ಮಾಡಿದ್ರೆ ನಿನ್ನ ಜೊತೆ ಮಾತು ಬಿಡ್ತೀನಿ" ಅಂತ ಹೇಳಿ ಬಸ್ ಹತ್ತಿದಳು. ಕಿಟಕಿಯ ಪಕ್ಕ ಕೂತಿದ್ದಳು. ನಾನು ಬಸ್ಸಿನ ಪಕ್ಕ ನಡೆದು ಸ್ವಲ್ಪ ಹಿಂದಾದೆ, ನನ್ನನ್ನು ನೋಡಲು ಅವಳು ಸೀಟಿನಿಂದ ಎದ್ದು ಪೂರ್ತಿ ಹಿಂದಕ್ಕೆ ತಿರುಗಬೇಕಾಯಿತು.

ಮೊನ್ನೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ಅವರ ಮಗಳೂ ಹೈಜಂಪ್ ಮಾಡುತ್ತಾಳಂತೆ, ಆವತ್ತು ಅತಿಥಿಯಾಗಿ ಬಂದಿದ್ದಳಂತೆ, ನಿಮ್ಮಲ್ಲಿಗೇ ಸೇರುವುದೆಂದು ತೀರ್ಮಾನ ಆಗಿದೆಯಂತೆ. ನನ್ನ ಸಂಖ್ಯೆ ಕೊಟ್ಟದ್ದು ನಿಮ್ಮ ಕಚೇರಿಯೇ. ತೃಪ್ತ ಪೋಷಕರ ಪೈಕಿ ನಾನೂ ಒಬ್ಬಳು ಅಂತ ತಿಳಿದು ಸಂತೋಷವಾಯಿತು.

"ಅಕ್ಕಾ, ನಮ್ಮವಳು ಒಬ್ಬಳೇ ಮಗಳು. ಎಂದೂ ಬಿಟ್ಟಿದ್ದವಳಲ್ಲ. ಧೈರ್ಯವಾಗಿ ಕಳಿಸಬಹುದಾ?"

ಅವರಿಗೆ ನಾನು ಏನು ಹೇಳಿದೆ ಗೊತ್ತೇ? ಗಿರಾಕಿ ಇದ್ದಾರೆ, ಆಮೇಲೆ ಮಾಡ್ತೀನಿ ಅಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಿಜ ಹೇಳಿದರೆ ನಿಮ್ಮ ಕಿವಿಗೆ ಬೀಳುತ್ತದೆ, ಮಗಳ ಸೀಟಿಗೆ ಕುತ್ತು ಬರುತ್ತದೆ ಅಂತ ಹೆದರಿದೆ. ನನ್ನ ಮಗಳ ಸೀಟಿಗಾಗಿ ಇನ್ನೊಬ್ಬಳ ಮಗಳ ಕತ್ತನ್ನು ಒತ್ತೆ ಇಡುವ ಹಂತಕ್ಕೆ ನೀವು ನನ್ನನ್ನು ತಂದು ನಿಲ್ಲಿಸಿದ್ದೀರಿ. ಆ ಕ್ಷಣದಲ್ಲಿ ನನಗೆ ನಿಮಗಿಂತ ನನ್ನ ಬಗ್ಗೆಯೇ ಹೆಚ್ಚು ಭಯವಾಯಿತು. ಅದಕ್ಕೇ ಈ ಪತ್ರ. ತಂಗೀ, ನೀವು ಇದನ್ನು ಓದುತ್ತಿದ್ದರೆ, ಕಳಿಸಬೇಡಿ. ಮ್ಯಾಟನ್ನು ಕೈಯಲ್ಲಿ ಮುಟ್ಟಿ ನೋಡುವ ತನಕ ಕಳಿಸಬೇಡಿ.

ಮಾನ್ಯರೇ, ನಾನು ಕೇಳುವುದು ಬಹಳವಿಲ್ಲ. ಹೈಜಂಪಿಗೆ ತಕ್ಕ ಮ್ಯಾಟ್ ಬರುವ ತನಕ ನಿಮ್ಮ ಮೈದಾನದಲ್ಲಿ ಬಾರ್ ಏರಿಸಬೇಡಿ, ಶನಿವಾರವಂತೂ ಬೇಡವೇ ಬೇಡ. ಅವತ್ತು ಬೇರೆ ಕಾಲೇಜುಗಳ ಹುಡುಗಿಯರೂ ಬರುತ್ತಾರೆ, ಅವರಿಗೆ ಹಗ್ಗದ ಗಂಟಿನ ವಿಷಯವೂ ಗೊತ್ತಿಲ್ಲ. ಪೆಟ್ಟಾಗಿ ಹಾರದೆ ಕೂತವರ ಸೀಟು ಹೋಗುವುದಿಲ್ಲ ಎಂದು ಬರೆದು, ಸಹಿ ಹಾಕಿ, ಹಾಸ್ಟೆಲಿನ ಬಾಗಿಲಿಗೆ ಅಂಟಿಸಿ. ಮುಂದಿನ ಸಲ ಅತಿಥಿಗಳನ್ನು ಕರೆದಾಗ ಟಾರ್ಪಾಲು ಎತ್ತಿ ತೋರಿಸಿ.

ಇದ್ಯಾವುದೂ ಆಗದಿದ್ದರೆ ಶನಿವಾರ ಬೆಳಿಗ್ಗೆ ನಾನು ಬರುತ್ತೇನೆ. ಬಂದು ಆ ಹಾಸಿಗೆಗಳ ನಡುಮಧ್ಯೆ ಕೂರುತ್ತೇನೆ. ಘೋಷಣೆ ಕೂಗುವುದಿಲ್ಲ, ಅದು ನನಗೆ ಬರುವುದಿಲ್ಲ. ಎಬ್ಬಿಸಲು ಯಾರನ್ನಾದರೂ ಕಳಿಸಿ, ಪೊಲೀಸರನ್ನೇ ಕಳಿಸಿ, ನನಗೆ ಅವರನ್ನು ಕಂಡರೂ ಭಯವೇ. ಆದರೂ ಏಳುವುದಿಲ್ಲ. ಮಗಳು ಅಷ್ಟು ಜನರ ಮುಂದೆ ನನ್ನನ್ನು ಬೈಯುತ್ತಾಳೆ, ಗೊತ್ತು. ಬೈದು, ಮಾತು ಬಿಟ್ಟು, ಸಿಟ್ಟಿನಿಂದ ಮೈದಾನ ದಾಟಿ ತನ್ನ ಕಾಲ ಮೇಲೆ ತಾನು ನಡೆದುಕೊಂಡು ಹೋಗುತ್ತಾಳಲ್ಲ, ನಾನು ಅಲ್ಲೇ ಕೂತು ಅದನ್ನು ನೋಡುತ್ತೇನೆ. ನನಗೆ ಬೇಕಾದದ್ದು ಅಷ್ಟೇ.

ಇಂತಿ,
ನಿಮ್ಮ ಕಾಲೇಜಿನ ಗೇಟಿನಲ್ಲಿ ಕಟ್ಟಿರುವ ದೊಡ್ಡ ಫ್ಲೆಕ್ಸಿನಲ್ಲಿ, ಕೆಳಗೇನಿದೆ ಎಂಬುದು ಕಾಣದ ಹಾಗೆ ಕತ್ತರಿಸಿದ ಫೋಟೊದಲ್ಲಿ ಹಾರುತ್ತಿರುವ ಹುಡುಗಿಯ ತಾಯಿ