ಸೂರ್ಯನಿಗೆಂದು ಕೊಂಡ ಕರಿ ಗಾಜು

ಕುರುಗೋಡು
ಶನಿವಾರ ಬೆಳಿಗ್ಗೆ, ೧೬ ಫೆಬ್ರುವರಿ ೧೯೮೦

ತಮ್ಮ ಮೈಲಾರಲಿಂಗನಿಗೆ ಅಕ್ಕನ ಆಶೀರ್ವಾದ.

ಕಾಗದ ಬಿಚ್ಚಿದ ಕೂಡಲೇ ದುರ್ಬೀನಿನಿಂದ ಆ ಕರಿ ಗಾಜು ತೆಗೆದುಬಿಡು. ಉಳಿದದ್ದನ್ನು ಆಮೇಲೆ ಓದು.

ತೆಗೆದೆಯಾ? ಈಗ ಕೇಳು. ಬಳ್ಳಾರಿ ಕಂಟೋನ್ಮೆಂಟಿನ ಹಳೇ ಸಾಮಾನಿನ ಪಾಲಯ್ಯನ ಅಂಗಡಿಯಲ್ಲಿ ನಾವಿಬ್ಬರೂ ಒಂದೊಂದು ದುರ್ಬೀನು ಕೊಂಡ ದಿನ ನೆನಪಿದೆಯಲ್ಲ. ಕಣ್ಣಿಡುವ ತುದಿಗೆ ಹಾಕುವ ಐಪೀಸುಗಳನ್ನು ಅವನು ಡಬ್ಬಿಯಿಂದ ಮೇಜಿನ ಮೇಲೆ ಸುರಿದ. ಆಕಾಶ ಹೆಚ್ಚು ಕಾಣಲಿ ಅಂತ ನಾನು ಅಗಲ ಬಾಯಿಯದನ್ನು ಆರಿಸಿದೆ. ನೀನು ಹುಡುಕಿ ಹುಡುಕಿ ಎಲ್ಲಕ್ಕಿಂತ ಸಣ್ಣದನ್ನು ಹಿಡಿದೆ. "ಯಕ್ಕಾ, ಇದು ಭಾಳ ದೊಡ್ಡದು ಮಾಡಿ ತೋರಸ್ತೈತಿ" ಅಂದೆ. ಊಟಕ್ಕೆ ಕೂತರೂ ಮೆಣಸಿನಕಾಯಿ ಕೇಳಿ ಹಾಕಿಸಿಕೊಳ್ಳುವವನಲ್ಲವೇ ನೀನು! ಸಿರುಗುಪ್ಪದ ನಿನ್ನ ಮಾಳಿಗೆಯ ಮೇಲೆ ಅದರಲ್ಲಿ ಶನಿಗ್ರಹ ನಡುಗುವ ಮಸುಕು ಚುಕ್ಕೆಯಾಗಿ ಕಂಡಾಗ ನಾನೆಷ್ಟು ನಕ್ಕಿದ್ದೆ. ಇವತ್ತು ನಗು ಬರುತ್ತಿಲ್ಲ.

ಪಾಲಯ್ಯ ಕೊನೆಗೆ ಅದೇ ಡಬ್ಬಿಯಿಂದ ಇಬ್ಬರಿಗೂ ಒಂದೊಂದು ಕರಿ ಗಾಜಿನ ಬಿಲ್ಲೆ ಕೊಟ್ಟ, ಐಪೀಸಿಗೆ ತಿರುಗಿಸಿ ಹಾಕುವಂಥದ್ದು. "ಸೂರ್ಯನ್ನ ನೋಡಾಕ ಇದು, ತಗೊಳ್ರಿ. ಕಣ್ಣಿಗೆ ಏನೂ ಆಗಂಗಿಲ್ಲ" ಅಂದ. ಮಧ್ಯಾಹ್ನದ ಗ್ರಹಣಕ್ಕೆ ಮೊದಲು ಒಮ್ಮೆ ನೋಡೋಣ ಅಂತ ಈಗ ನನ್ನದನ್ನು ಹಾಕಿ, ಅಂಗಳದಲ್ಲಿ ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿದೆ. ಕಣ್ಣಿಡಲು ಬಗ್ಗಿದ್ದೆ. ಒಳಗಿನಿಂದ ಸೊಸೆ ಗಂಗಕ್ಕ "ಅತ್ತೀ" ಅಂತ ಕೂಗಿದಳು, ಮುಖ ತಿರುಗಿಸಿದೆ. ಟಿಕ್ ಎಂದಿತು. ಗಾಜು ಕಾದು ಸೀಳಿತ್ತು. ನನ್ನ ಕಣ್ಣು ಇರಬೇಕಾದ ಜಾಗದಲ್ಲಿ ಸೆರಗಿತ್ತು. ಅದರಲ್ಲಿ ಈಗ ಕಡಲೆಯಷ್ಟು ಸುಟ್ಟ ತೂತಿದೆ.

ನಿನ್ನದೂ ಅದೇ ಡಬ್ಬಿಯದು. "ಸಾಲಿ ಹುಡುಗರಿಗೆಲ್ಲ ತೋರಸ್ತೀನಿ, ಮೊದಲು ನಮ್ಮ ಶಿವಬಸಿ ನೋಡ್ಲಿ" ಅಂದಿದ್ದೆ ನೀನು. ಆರು ವರ್ಷದ ಮಗಳು, ಅಪ್ಪ ಹೇಳಿದನೆಂದರೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ನನಗೆ ಭಯವಾಗುತ್ತಿದೆ ಮೈಲಾರಿ.

ತೋರಿಸಲೇಬೇಕಿದ್ದರೆ ಈ ಕಾಗದದ ಜೊತೆ ಕಳಿಸಿರುವ ನನ್ನ ಅಗಲ ಐಪೀಸು ಹಾಕಿ, ಅದರ ಹಿಂದೆ ಬಿಳಿ ಹಾಳೆ ಹಿಡಿ. ಸೂರ್ಯನ ಬಿಂಬ ಹಾಳೆಯ ಮೇಲೆ ಬೀಳುತ್ತದೆ, ಮಕ್ಕಳು ಸೂರ್ಯನಿಗೆ ಬೆನ್ನು ಮಾಡಿ ಅದನ್ನು ನೋಡಲಿ. ದುರ್ಬೀನಿಗೆ ಯಾರೂ ಕಣ್ಣಿಡಕೂಡದು, ನೀನೂ.

ನಾನೇ ಬರುತ್ತಿದ್ದೆ. ಗಂಗಕ್ಕನಿಗೆ ದಿನ ತುಂಬಿವೆ, ಬೆಳಗಿನಿಂದ ಸೊಂಟ ಹಿಡಿದುಕೊಂಡು ಕೂತಿದ್ದಾಳೆ. ಈ ಕಾಗದ ತರುವ ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಉಚ್ಚೆಂಗೆಪ್ಪ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. "ಗ್ರಹಣ ಹಿಡಿಯೂದರಾಗ ಮುಟ್ಟಸ್ತೀನಮ್ಮಾ. ಬಸ್ಸು ನಡುವ ಕೆಟ್ಟು ನಿಂತ್ರ ಮಾತ್ರ ನನ್ನ ಬೈಬ್ಯಾಡ್ರಿ" ಅನ್ನುತ್ತಾನೆ. ನಿನ್ನೆಯೂ ಕೆಟ್ಟು ನಿಂತಿತ್ತಂತೆ.

ಓದಿದ ಗುರುತಿಗೆ ಆ ಕರಿ ಗಾಜನ್ನು ಅವನ ಕೈಯಲ್ಲೇ ತಿರುಗಿ ಕಳಿಸು. ಓಣಿಯವರೆಲ್ಲ ಈಗಲೇ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ, ಬಸುರಿ ಇರುವ ಮನೆ, ನೀನೂ ಹಾಕು ಅನ್ನುತ್ತಿದ್ದಾರೆ. ಗಂಗಕ್ಕನ ಕೋಣೆಯ ಬಾಗಿಲು ಹಾಕಿದ್ದೇನೆ. ತಲೆಬಾಗಿಲನ್ನು ಮಾತ್ರ ಆ ಗಾಜು ಬರುವವರೆಗೆ ಹಾಕುವುದಿಲ್ಲ.

ಶಿವಬಸಿಯ ಎರಡೂ ಕಣ್ಣಿಗೆ ನನ್ನ ಮುತ್ತು. ಅವು ನೂರು ವರ್ಷ ಬೆಳಗಲಿ.

ದಾರಿ ಕಾಯುತ್ತಿರುವ
ನಿನ್ನ ಅಕ್ಕ ಸಾವಂತ್ರಮ್ಮ