ನಾನು ಕಚ್ಚಿಟ್ಟು ಹೋದ ರೊಟ್ಟಿ, ನೀವು ಇಟ್ಟುಕೊಂಡ ದನಿ

ನಮ್ಮ ಪಟ್ಟಣದ ಬಸ್ ನಿಲ್ದಾಣದ ಮಾನ್ಯ ನಿರ್ದೇಶಕರೇ,

ಇವತ್ತು ಬೆಳಿಗ್ಗೆ ತಮ್ಮ ನಿಲ್ದಾಣದಲ್ಲಿ ಶಿಮ್ಕೆಂತ್ ಬಸ್ಸು ನಾಲ್ಕನೇ ಅಂಕಣಕ್ಕೆ ಬರುತ್ತಿದೆ ಎಂದು ಸಾರಿದವನು ನಾನು. ಮಕ್ಕಳ ಕೈ ಬಿಡಬೇಡಿ, ಗುರುತಿಲ್ಲದವರ ಹತ್ತಿರ ಚೀಲ ಬಿಟ್ಟು ಚಹಾ ಕುಡಿಯಲು ಹೋಗಬೇಡಿ ಎಂದು ಬುದ್ಧಿ ಹೇಳಿದವನೂ ನಾನು. ಅದೇ ಹೊತ್ತಿಗೆ ಗೇಟಿನ ಹೊರಗೆ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಕೆಲಸವಿಲ್ಲದೆ ನಿಂತಿದ್ದವನೂ ನಾನೇ. ಒಬ್ಬನೇ ಮನುಷ್ಯ ಎರಡು ಕಡೆ ಇರುವುದು ಹೇಗೆ ಎಂದು ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದುವವರು ಕೇಳಬಹುದು. ಉತ್ತರ ತಮಗೆ ಗೊತ್ತು. ಸೇನೆಯ ಕಚೇರಿಯಿಂದ ಕರೆ ಬಂದಾಗ ಎರಡು ತಿಂಗಳ ಮೀಸಲು ಸೈನಿಕರ ತರಬೇತಿಗೆಂದು ರಜೆಯ ಮೇಲೆ ಹೋದೆ. ಹಿಂತಿರುಗಿ ಬಂದಾಗ ಮೈಕಿನ ಮುಂದೆ ನನ್ನ ಕುರ್ಚಿ ಇರಲಿಲ್ಲ, ನನ್ನ ದನಿ ಮಾತ್ರ ಇತ್ತು. ಕುರ್ಚಿ ತೆಗೆಸಿದವರು ತಾವು. ದನಿಯನ್ನು ಇಟ್ಟುಕೊಂಡವರೂ ತಾವೇ.

ನಾನು ಯಾರೆಂದು ತಮಗೆ ನೆನಪಿಸುವುದು ಅನಗತ್ಯ, ಆದರೂ ಊರಿನ ಮುಂದೆ ಹೇಳಿಬಿಡುತ್ತೇನೆ. ಇದೇ ನಿಲ್ದಾಣದ ಎದುರು ಕೈಗಾಡಿಯಲ್ಲಿ ಕರ್ಬೂಜ ಮಾರುತ್ತಿದ್ದವನು ನಾನು. ಓದು ಕಡಿಮೆ, ಗಂಟಲು ಜಾಸ್ತಿ. ನಾನು ಕೂಗಿದರೆ ಬಸ್ಸಿನೊಳಗೆ ಕೂತವರೂ ಇಳಿದು ಬಂದು ಹಣ್ಣು ಕೊಳ್ಳುತ್ತಿದ್ದರು. ತಮಗಿಂತ ಹಿಂದಿದ್ದ ನಿರ್ದೇಶಕರು ಒಂದು ದಿನ ಗಾಡಿಯ ಹತ್ತಿರ ಬಂದು, "ಇಷ್ಟು ಚೆನ್ನಾಗಿ ಕೂಗ್ತೀಯ, ಹಣ್ಣಿನ ಬದಲು ನಮ್ಮ ಬಸ್ಸು ಕೂಗು ಬಾ" ಎಂದು ಕರೆದೊಯ್ದು ಕೂರಿಸಿದರು. ವ್ಯಾಪಾರದಲ್ಲಿ ಕಲಿತದ್ದು ಒಂದೇ: ಸಿಹಿ ಎಂದು ಕೂಗಿದ ಹಣ್ಣು ಮನೆಗೆ ಹೋಗಿ ಕೊಯ್ದಾಗಲೂ ಸಿಹಿಯಿರಬೇಕು, ಇಲ್ಲದಿದ್ದರೆ ನಾಳೆ ಆ ಕಡೆಗೆ ಯಾರೂ ಸುಳಿಯುವುದಿಲ್ಲ. ಮೈಕಿನ ಮುಂದೆಯೂ ಅದೇ ಲೆಕ್ಕ ಇಟ್ಟುಕೊಂಡೆ. ಬಸ್ಸು ಕಣ್ಣಿಗೆ ಕಾಣುವವರೆಗೆ ಬಂತು ಎಂದು ಹೇಳಿದವನಲ್ಲ. ತಡವಾದರೆ ತಡವೆಂದೇ ಹೇಳಿದೆ, ಡ್ರೈವರ್ ಮಾಂಸ ತುಂಬಿದ ಸಂಸಾ ತಿನ್ನುತ್ತಿದ್ದರೆ ಅದನ್ನೂ ಹೇಳಿದೆ. ಅದಕ್ಕಾಗಿ ತಾವು ಒಮ್ಮೆ ನನ್ನನ್ನು ಬೈದದ್ದೂ ಉಂಟು.

ಸೆಪ್ಟೆಂಬರಿನಲ್ಲಿ ಕರೆ ಬಂತು. ತರಬೇತಿಗೆ ಹೋದವನ ಕೆಲಸ ಹಾಗೇ ಉಳಿಯಬೇಕೆಂದು ಕಾನೂನಿದೆ, ಅದು ನನಗೂ ಗೊತ್ತಿತ್ತು. ಆದರೂ ತಮ್ಮ ಕೋಣೆಗೆ ಬಂದು ಕೇಳಿದೆ. ತಾವು ಎದ್ದು ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟಿರಿ. "ತಮ್ಮಾ, ನೀನು ಹೋಗಿ ಬಾ. ಒಂದೇ ಒಂದು ಉಪಕಾರ ಮಾಡು. ನಿನ್ನ ದನಿ ಇಲ್ದೆ ಪ್ರಯಾಣಿಕರು ಕಂಗಾಲಾಗ್ತಾರೆ, ಎಲ್ಲಾ ಮಾತನ್ನೂ ರೆಕಾರ್ಡ್ ಮಾಡಿಟ್ಟು ಹೋಗು" ಎಂದಿರಿ. ಹೊಗಳಿಕೆಗೆ ಉಬ್ಬದ ಮಾತುಗಾರ ಎಲ್ಲಿದ್ದಾನೆ? ಮಧ್ಯಾಹ್ನವಿಡೀ ಕೂತು ಹೇಳಿದೆ. ಎಲ್ಲ ಊರು, ಎಲ್ಲ ಅಂಕಣ. ತಮ್ಮ ಪಟ್ಟಿ ಮುಗಿಯುವ ಹಾಗೆ ಕಾಣಲಿಲ್ಲ. ಹಿಮ ಬಿದ್ದು ಕಣಿವೆಯ ರಸ್ತೆ ಮುಚ್ಚಿದೆ ಎಂಬುದು ಬಂತು. ಹೊಸ ವರ್ಷದ ಶುಭಾಶಯ ಬಂತು. ಆಮೇಲೆ ಮಾರ್ಚಿನ ನೌರುಜ್ ಹಬ್ಬದ ಶುಭಾಶಯವೂ ಬಂತು.

"ಆಗಾ, ನವೆಂಬರಿಗೆ ನಾನು ವಾಪಸ್ ಬಂದಿರ್ತೀನಲ್ಲ. ಹಿಮದ ಮಾತು ಯಾಕೆ?" ಎಂದೆ. ತಾವು ತಮ್ಮಾ ಎಂದಾಗ ನಾನು ಆಗಾ, ಅಂದರೆ ಅಣ್ಣಾ, ಎನ್ನಬೇಕಲ್ಲ.

"ಇರ್ಲಿ ಬಿಡು. ಈ ಸಲ ಹಿಮ ಬೇಗ ಬಿದ್ರೆ?"

"ನೌರುಜ್ಜೂ ಬೇಗ ಬಂದ್ಬಿಡುತ್ತಾ?"

ತಾವು ನಕ್ಕಿರಿ. ನಾನೂ ನಕ್ಕೆ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಹಿಡಿಯುತ್ತಿದ್ದ ನಾನು, ನನ್ನ ತಮಾಷೆಯಲ್ಲೇ ನಿಜ ಕೂತಿದ್ದನ್ನು ಕಾಣದೆ ಹೋದೆ.

ಹೊರಡುವ ದಿನ ತಾವು ನಡೆಸಿದ ಸಮಾರಂಭವನ್ನು ಊರು ಮರೆತಿಲ್ಲ. ಸೇನೆಗೆ ಹೊರಟವನ ಬಾಯಿಗೆ ರೊಟ್ಟಿ ಹಿಡಿದು ಒಂದು ತುತ್ತು ಕಚ್ಚಿಸಿ, ಉಳಿದದ್ದನ್ನು ಗೋಡೆಗೆ ತೂಗುಹಾಕಿ, ಅವನು ಬಂದು ತಿಂದು ಮುಗಿಸುವವರೆಗೆ ಕಾಯುವುದು ಮನೆಯ ಹಿರಿಯರು ಮಾಡುವ ಕೆಲಸ. ನನ್ನ ಮನೆಯಲ್ಲಿ ಹಿರಿಯರು ಯಾರೂ ಉಳಿದಿಲ್ಲ. "ಈ ನಿಲ್ದಾಣವೇ ನಿನ್ನ ಮನೆ, ಹಿರಿಯ ನಾನಿದ್ದೀನಿ" ಎಂದು ತಾವು ಮುಂದೆ ಬಂದಿರಿ. ತಂದೂರಿನಿಂದ ಆಗತಾನೇ ತೆಗೆದ ರೊಟ್ಟಿಯನ್ನು ತಾವೇ ನನ್ನ ಬಾಯಿಗೆ ಹಿಡಿದಿರಿ. ಡ್ರೈವರುಗಳು, ಟಿಕೆಟ್ ಮಾರುವವರು, ಶೇಂಗಾ ಮಾರುವ ಅಜ್ಜಿಯರು ಎಲ್ಲರೂ ಸೇರಿದ್ದರು. "ಈ ರೊಟ್ಟಿ ಕಾಯುತ್ತೆ, ಕುರ್ಚೀನೂ ಕಾಯುತ್ತೆ" ಎಂದು ಮೈಕಿನಲ್ಲೇ ಹೇಳಿದಿರಿ. ಕಚ್ಚಿದ ರೊಟ್ಟಿ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಕುರ್ಚಿಯ ಮೇಲಿನ ಮೊಳೆಗೆ ಏರಿತು.

ಆ ಗದ್ದಲದಲ್ಲಿ ಒಬ್ಬರೇ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದವರು. ಟಿಕೆಟ್ ಕಿಟಕಿಯ ಝೌರೇಶ್. ನಾವೆಲ್ಲ ಆಕೆಯನ್ನು ಆಪಾ ಎನ್ನುತ್ತೇವೆ, ಅಕ್ಕನ ಜಾಗ ಆಕೆಯದು.

"ಲೋ ಶಿನಿಬೆಕ್, ಕುರ್ಚಿ ನಿಂದೇ ಅಂತ ಒಂದು ಸಾಲು ಬರೆಸ್ಕೊಂಡು ಹೋಗೋ."

"ಬಾಯಲ್ಲಿ ರೊಟ್ಟಿ ಇಟ್ಕೊಂಡು ಕಾಗದ ಕೇಳ್ಲಾ ಆಪಾ? ನೋಡಿದವರು ಏನಂದಾರು?"

"ಹಂಗಾದ್ರೆ ನುಂಗು, ಆಮೇಲೆ ಕೇಳು."

ನುಂಗಿದೆ, ಕೇಳಲಿಲ್ಲ. ರೊಟ್ಟಿ ಹಿಡಿದ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿ ಎನ್ನುವುದು ನಮ್ಮಲ್ಲಿ ಆ ಮನುಷ್ಯನ ಮುಖಕ್ಕೆ ಉಗಿದ ಹಾಗೆ. ಹೊರಗಿನವರು ಇದನ್ನು ಪೆದ್ದುತನ ಎಂದಾರು. ಇರಬಹುದು. ಆದರೆ ನಾನು ಪೆದ್ದನಾಗುತ್ತೇನೆಂದು ತಮಗೆ ಮೊದಲೇ ಗೊತ್ತಿತ್ತಲ್ಲ, ಅದನ್ನು ಏನೆಂದು ಕರೆಯಬೇಕು?

ಶಿಬಿರದ ಕಥೆ ಹೇಳಿ ಓದುಗರ ಸಹನೆ ಕೆಡಿಸುವುದಿಲ್ಲ. ನಲವತ್ತು ದಾಟಿದ ಹೊಟ್ಟೆಯ ಮೇಲೆ ಬೆಲ್ಟು ಬಿಗಿದರು, ಹುಲ್ಲುಗಾವಲಿನ ಗಾಳಿಯಲ್ಲಿ ಓಡಿಸಿದರು, ನನ್ನ ಗಂಟಲು ಕೇಳಿ ಹಾಜರಿ ಕೂಗುವ ಕೆಲಸ ಕೊಟ್ಟರು. ಸಂಜೆ ಹೊತ್ತು ಎಲ್ಲರೂ ತಮ್ಮ ತಮ್ಮ ರೊಟ್ಟಿ ಎಲ್ಲಿ ತೂಗುತ್ತಿದೆ ಎಂದು ಹೇಳಿಕೊಳ್ಳುತ್ತಿದ್ದೆವು. ಒಬ್ಬನದು ಅಡುಗೆಮನೆಯಲ್ಲಿ, ಒಬ್ಬನದು ಅಜ್ಜನ ಕುದುರೆಯ ಜೀನಿನ ಪಕ್ಕ. ನನ್ನದು ಕಚೇರಿಯಲ್ಲಿ ಎಂದಾಗ ಎಲ್ಲರೂ ನನ್ನನ್ನು ಒಂದು ಮೆಟ್ಟಿಲು ಮೇಲೆ ನಿಂತವನಂತೆ ನೋಡಿದರು. "ಸರ್ಕಾರೀ ರೊಟ್ಟಿ ಕಣೋ ಇವಂದು, ಇಲಿನೂ ಮುಟ್ಟಲ್ಲ" ಎಂದ ಒಬ್ಬ. ಇಲಿ ಮುಟ್ಟಲಿಲ್ಲ, ಸ್ವಾಮಿ. ಅದಂತೂ ನಿಜವಾಯಿತು.

ಹಿಂತಿರುಗಿದ ದಿನ ಮನೆಗೂ ಹೋಗದೆ ನೇರ ನಿಲ್ದಾಣಕ್ಕೆ ಬಂದೆ. ಬಸ್ಸಿನಿಂದ ಇಳಿಯುವಾಗ ನನ್ನ ದನಿಯೇ ನನ್ನನ್ನು ಸ್ವಾಗತಿಸಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮೈಕಿನ ಕೋಣೆಯ ಬಾಗಿಲು ತೆಗೆದೆ. ಕುರ್ಚಿಯ ಜಾಗದಲ್ಲಿ ಕಂಪ್ಯೂಟರ್ ಪೆಟ್ಟಿಗೆ, ಗೋಡೆಯಲ್ಲಿ ಬರೀ ಮೊಳೆ. ತಮ್ಮ ಕೋಣೆಗೆ ಬಂದೆ. ಈ ಸಲ ತಾವು ಏಳಲಿಲ್ಲ.

"ನಿನ್ನನ್ನು ಯಾರೂ ಕೆಲಸದಿಂದ ತೆಗೆದಿಲ್ಲ ತಮ್ಮಾ. ಹುದ್ದೆ ರದ್ದಾಗಿದೆ, ಅಷ್ಟೇ. ಲಗೇಜ್ ಕೋಣೆಯಲ್ಲಿ ಜಾಗ ಇದ್ರೆ ನೋಡೋಣ."

"ಆಗಾ, ರೊಟ್ಟಿ?"

"ಅದಾ? ಒಣಗಿ ಹೋಗಿತ್ತು, ತೆಗೆಸ್ದೆ. ಶಾಸ್ತ್ರಕ್ಕೆ ಮಾಡಿದ್ದು ಅದು. ನಾನೇನು ಬರೆದುಕೊಟ್ಟಿದ್ನಾ?"

ಮಾನ್ಯರೇ, ಬಾಗಿಲು ತೆರೆದೇ ಇದೆ, ಮನೆಯನ್ನು ಮಾತ್ರ ಕೆಡವಿದ್ದೇವೆ ಎಂದ ಹಾಗಾಯಿತು ತಮ್ಮ ಮಾತು. ರೊಟ್ಟಿ ಒಣಗಿತು ಎಂದಿರಿ. ಕಾಯುವ ರೊಟ್ಟಿ ಒಣಗದೆ ಇನ್ನೇನು ಮಾಡುತ್ತದೆ? ಅದು ಒಣಗಲೆಂದೇ ಅಲ್ಲವೇ ತೂಗುಹಾಕುವುದು? ಕಾನೂನಿನ ಬಾಗಿಲು ತಟ್ಟಲು ನನಗೂ ಬರುತ್ತದೆ, ಆಗಲೇ ತಟ್ಟಿಯೂ ಇದ್ದೇನೆ. ಅಲ್ಲಿ ಹುದ್ದೆಯ ವಿಚಾರಣೆ ನಡೆಯಲಿ. ರೊಟ್ಟಿಯ ವಿಚಾರಣೆ ನಡೆಸುವ ಕಚೇರಿ ಯಾವ ಊರಿನಲ್ಲೂ ಇಲ್ಲ, ಅದಕ್ಕೇ ಈ ಪತ್ರ.

ಅಲ್ಲಿಂದ ಎದ್ದು ಬರುವಾಗ ಝೌರೇಶ್ ಆಪಾ ಕಿಟಕಿಯಿಂದ ಕೈಸನ್ನೆ ಮಾಡಿ ಕರೆದರು. ಬಿಳಿ ಬಟ್ಟೆಯ ಗಂಟು ಆಕೆಯ ಟಿಕೆಟ್ ಯಂತ್ರದ ಹಿಂದೆ ತೂಗುತ್ತಿತ್ತು. "ಕಸದ ಬುಟ್ಟಿ ಪಕ್ಕ ಇಟ್ಟಿದ್ರು, ರೊಟ್ಟೀನ ಹಾಗೆ ಬಿಡಕ್ಕಾಗುತ್ತೇನೋ? ತಗೋ, ಚಹಾದಲ್ಲಿ ಅದ್ದಿ ತಿಂದು ಮುಗಿಸು, ನಿನಗೂ ನೆಮ್ಮದಿ" ಎಂದರು. ನಾನು ಮುಟ್ಟಲಿಲ್ಲ. ಕಟ್ಟಿದ ಕೈಯೇ ಇಳಿಸಿ ಕೊಡಬೇಕು. ಅದು ಇವತ್ತಿಗೂ ಅಲ್ಲೇ ಇದೆ. ಟಿಕೆಟ್ ಕೊಳ್ಳುವವರು ಇದೇನೆಂದು ಕೇಳುತ್ತಾರೆ, ಆಪಾ ಹೇಳುತ್ತಾರೆ. ತಮ್ಮ ಬಗ್ಗೆ ಊರಿನಲ್ಲಿ ಮಾತು ಹೇಗೆ ಹಬ್ಬಿತು ಎಂದು ತಮಗೆ ಆಶ್ಚರ್ಯವಿದ್ದರೆ, ಅದು ಹೀಗೆ.

ಮನೆಯಲ್ಲಿ ಹೆಂಡತಿ ಕುರಲಾಯ್ ಮೊದಮೊದಲು ಅತ್ತಳು, ಈಗ ಕುಟುಕುತ್ತಾಳೆ. "ನಿಮ್ಮ ದನಿ ದಿನಾ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುತ್ತೆ. ನೀವು ಮಾತ್ರ ಇಲ್ಲಿ ಕೂತು ಚಹಾ ಕುಡೀರಿ." ಇದನ್ನೂ ತಡೆದುಕೊಂಡಿದ್ದೆ. ಮತ್ತೆ ಗಾಡಿ ತಳ್ಳಿದರಾಯಿತು, ಬೇಸಿಗೆಗೆ ಕರ್ಬೂಜ ಬಂದೇ ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಪೆನ್ನು ಹಿಡಿಸಿದ್ದು ಕಳೆದ ವಾರ ಬಜಾರಿನಲ್ಲಿ ಕೋಲು ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದ ಒಬ್ಬರು ಮುದುಕರು.

"ನೀನೇ ಅಲ್ವೇನಯ್ಯಾ, ಮೈಕಿನವನು?"

"ನಾನೇ, ತಾತಾ."

"ಮೆರ್ಕೆ ಬಸ್ಸು ಎರಡನೇ ಅಂಕಣ ಅಂದೆ. ಎರಡರಲ್ಲಿ ಕೂತೆ. ಬಸ್ಸು ಐದರಿಂದ ಹೊರಟುಹೋಯ್ತು. ಮೆರ್ಕೇಲಿ ನನ್ನ ತಂಗೀನ ಮಣ್ಣು ಮಾಡ್ತಿದ್ರು. ಕೊನೇ ಸಲ ಮುಖ ನೋಡಕ್ಕೆ ಸಿಗಲಿಲ್ಲ."

ಜನವರಿಯ ದುರಸ್ತಿಯಲ್ಲಿ ತಾವು ಅಂಕಣಗಳನ್ನು ಅದಲುಬದಲು ಮಾಡಿಸಿದಿರಿ. ಸೆಪ್ಟೆಂಬರಿನಲ್ಲಿ ಮಾತಾಡಿದ ನನ್ನ ದನಿಗೆ ಅದು ಹೇಗೆ ಗೊತ್ತಾಗಬೇಕು? ಹಾಗೇ ಹೇಳಿದೆ: "ಅದು ನಾನಲ್ಲ ತಾತಾ, ಯಂತ್ರ."

ಅವರು ಅಡ್ಡ ಹಿಡಿದಿದ್ದ ಕೋಲು ಇಳಿಸಿದರು. "ದನಿ ನಿಂದೇ ತಾನೇ?" ಎಂದು ಕೇಳಿ ಹೊರಟುಹೋದರು.

ತಾವು ಕೊಟ್ಟ ಮಾತು ಮುರಿದಿರಿ. ಅದು ತಮ್ಮ ಮಾತು, ತಮ್ಮ ಸ್ವತ್ತು, ಏನಾದರೂ ಮಾಡಿಕೊಳ್ಳಿ. ಆದರೆ ನನ್ನ ಬಾಯಿಂದ ದಿನವಿಡೀ ಸುಳ್ಳು ಹೇಳಿಸಲು ತಮಗೆ ಅಧಿಕಾರ ಕೊಟ್ಟವರು ಯಾರು? ಗಾಡಿಯಿಂದ ಕುರ್ಚಿಯವರೆಗೆ ನಾನು ಕೂಡಿಟ್ಟಿದ್ದು ಒಂದೇ, ನಾನು ಹೇಳಿದರೆ ಬಸ್ಸು ಅಲ್ಲೇ ಇರುತ್ತದೆ ಎಂಬ ಊರಿನ ನಂಬಿಕೆ. ಕುರ್ಚಿ ಕಳೆದುಕೊಂಡ ಮೇಲೆ ಅದಾದರೂ ಉಳಿದಿದೆ ಎಂದುಕೊಂಡಿದ್ದೆ. ಅದನ್ನೂ ತಾವು ಧ್ವನಿವರ್ಧಕದಲ್ಲಿ ದಿನಕ್ಕಿಷ್ಟು ಎಂದು ಖರ್ಚು ಮಾಡುತ್ತಿದ್ದೀರಿ.

ನೌರುಜ್ ಹತ್ತಿರ ಬಂತು. ಮನಸ್ತಾಪ ಮುಗಿಸಿಕೊಳ್ಳುವ ಹಬ್ಬ. ಅವತ್ತು ಬೆಳಿಗ್ಗೆ "ನಿಲ್ದಾಣದ ನಾವೆಲ್ಲರೂ ನಿಮಗೆ ಶುಭ ಕೋರುತ್ತೇವೆ" ಎಂದು ನನ್ನ ದನಿ ಹೇಳಲು ಕಾದು ಕೂತಿದೆ. ಆ 'ನಾವೆಲ್ಲರೂ' ಎಂಬುದರಲ್ಲಿ ನಾನಿದ್ದೇನೆಯೋ ಇಲ್ಲವೋ, ಅಷ್ಟರೊಳಗೆ ತೀರ್ಮಾನಿಸಿ. ಇದ್ದೇನೆ ಎನ್ನುವುದಾದರೆ ಟಿಕೆಟ್ ಕಿಟಕಿಗೆ ಬನ್ನಿ, ಆ ಗಂಟನ್ನು ತಮ್ಮ ಕೈಯಿಂದಲೇ ಬಿಚ್ಚಿ ನನಗೆ ಕೊಡಿ, ಮೈಕಿನ ಮುಂದೆ ಕುರ್ಚಿ ಹಾಕಿಸಿ. ರೊಟ್ಟಿ ಕಲ್ಲಾಗಿದೆ, ಹಲ್ಲು ಮುರಿದರೆ ಅದು ನನ್ನ ಪಾಡು. ಇಲ್ಲ ಎನ್ನುವುದಾದರೆ ನನ್ನ ದನಿಯನ್ನು, ಮಕ್ಕಳ ಕೈ ಬಿಡಬೇಡಿ ಎಂಬುದರಿಂದ ಹಿಡಿದು ಒಂದಕ್ಷರ ಬಿಡದೆ, ಆ ಪೆಟ್ಟಿಗೆಯಿಂದ ಅಳಿಸಿ. ಆಮೇಲೆ ಬಸ್ಸು ಸಾರುವವರು ಯಾರು ಎಂದು ಚಿಂತಿಸಬೇಡಿ. ತಾವೇ ಮೈಕಿನ ಮುಂದೆ ಕೂತು, ತಮ್ಮದೇ ದನಿಯಲ್ಲಿ, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳಿ. ಊರು ಎದ್ದು ಆ ಕಡೆಗೆ ನಡೆಯುತ್ತದೆಯೋ, ಕೂತಲ್ಲೇ ಕೂತಿರುತ್ತದೆಯೋ, ಗೇಟಿನ ಹೊರಗೆ ನಿಂತು ನಾನೂ ನೋಡುತ್ತೇನೆ.

ಇಂತಿ,
ತಮ್ಮ ನಿಲ್ದಾಣದಲ್ಲಿ ಇಂದಿಗೂ ರಜೆಯಿಲ್ಲದೆ ಮಾತಾಡುತ್ತಿರುವ, ಆದರೆ ಅಲ್ಲಿಲ್ಲದ,
ಶಿನಿಬೆಕ್

(ಮೆರ್ಕೆಗೆ ಹೋಗುವವರು ದಯವಿಟ್ಟು ನನ್ನ ಮಾತು ಕೇಳಬೇಡಿ. ಐದನೇ ಅಂಕಣ.)